ಅಕ್ಕ ಒಬ್ಬಳೇ ನೋಡಿದ ಕೊನೆ

ನಾನು ಚಿಕ್ಕವಳಿದ್ದಾಗ ನೋಡಿದ ಒಂದು ಸಿನಿಮಾದ ಕಥೆ ಹೇಳುತ್ತೇನೆ ಮಕ್ಕಳೇ, ಆದರೆ ಎಲ್ಲವನ್ನೂ ನಂಬಬೇಡಿ. ನನ್ನ ನೆನಪಿನಲ್ಲಿ ಅದರ ಸಮುದ್ರ ಕಡುನೀಲಿ. ಚಿತ್ರ ಕಪ್ಪು-ಬಿಳುಪಿನದು ಎನ್ನುತ್ತಾಳೆ ಅಕ್ಕ. ಅವಳು ಹೇಳುವುದೇ ಸರಿ ಇರಬೇಕು.

ಆಗ ನಾವು ಸಿರುಗುಪ್ಪದಲ್ಲಿದ್ದೆವು. ಮನೆಯಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ. ನಮಗೆ ಗೊತ್ತಿದ್ದ ನೀರೆಂದರೆ ಹೊಳೆ, ಭತ್ತದ ಗದ್ದೆಗೆ ಹೋಗುವ ಕಾಲುವೆ. ಆದರೂ ಅಪ್ಪನಿಗೆ ಕಡಲ್ಗಳ್ಳರ ಇಂಗ್ಲಿಷ್ ಸಿನಿಮಾಗಳ ಹುಚ್ಚು. ಬಳ್ಳಾರಿಗೆ ಅಂಥದ್ದು ಬಂದರೆ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೊರಡುತ್ತಿದ್ದ. ಒಂದು ಮಾತೂ ತಿಳಿಯುತ್ತಿರಲಿಲ್ಲ. ಹಗ್ಗ ಹಿಡಿದು ಹಡಗಿನಿಂದ ಹಡಗಿಗೆ ಹಾರುವವನಿಗೆ, ಕತ್ತಿ ಕೈಜಾರಿದರೂ ನಗುವವನಿಗೆ ಭಾಷೆ ಯಾಕೆ ಬೇಕು? ಮರುದಿನ ಕಾಲುವೆ ದಂಡೆಯಲ್ಲಿ ಜೋಳದ ದಂಟೇ ನಮ್ಮ ಕತ್ತಿ.

ಕೊನೆಯನ್ನು ಮಾತ್ರ ನಾವು ಎಂದೂ ನೋಡಿರಲಿಲ್ಲ. ಊರಿನ ಬಸ್ಸಿನಲ್ಲಿ ಸೀಟು ಸಿಗಬೇಕಾದರೆ ಮೊದಲೇ ಹೋಗಿ ಕಿಟಕಿಯೊಳಗಿಂದ ಟವೆಲ್ ಹಾಕಬೇಕು. ಕಡೆಯ ಕಾಳಗ ಶುರುವಾಯಿತೆಂದರೆ ಅಪ್ಪ ಎದ್ದ ಹಾಗೆಯೇ. ಉಳಿದ ಕಥೆಯನ್ನು ಅಕ್ಕ ಬಸ್ಸಿನಲ್ಲಿ ತಾನೇ ಕಟ್ಟಿ ಹೇಳುತ್ತಿದ್ದಳು.

ಆ ಸಲ ಅಕ್ಕನ ಮದುವೆ ಗೊತ್ತಾಗಿತ್ತು. ನಮ್ಮ ಜೊತೆ ಅವಳಿಗೆ ಅದೇ ಕೊನೆಯ ಸಿನಿಮಾ. ತೆರೆಯ ಮೇಲೆ ಕಳ್ಳರ ನಾಯಕ ಹಡಗಿನಿಂದ ಕೈಚಾಚಿದ್ದ. ದಡದಲ್ಲಿ ಒಬ್ಬ ಹುಡುಗಿ, ಅವಳ ಹಿಂದೆ ತವರುಮನೆ. ಅಷ್ಟರಲ್ಲಿ ಅಪ್ಪ ಎದ್ದ.

"ಏಳ್ರವ್ವಾ, ಹೊತ್ತಾತು."

"ಇವತ್ತೊಂದಿನ ಕೊನಿ ನೋಡ್ತೀನಪ್ಪಾ" ಎಂದಳು ಅಕ್ಕ.

"ಆ ಹಡಗು ನಿಂದರ್ತೈತಿ, ನಮ್ಮ ಬಸ್ಸು ನಿಂದ್ರಂಗಿಲ್ಲ."

ಹಿಂದಿನಿಂದ ಯಾರೋ ಕೂಗಿದರು: "ಯಣ್ಣಾ, ಕುಂದ್ರರ ಕುಂದ್ರು, ಹೋಗರ ಹೋಗು! ನಿನ್ನ ತಲಿ ಬಿಟ್ರ ಏನೂ ಕಾಣವಲ್ದು!"

ಅಕ್ಕ ಏಳಲೇ ಇಲ್ಲ. ಅಪ್ಪ ಒಂದು ಗಳಿಗೆ ಅವಳನ್ನೇ ನೋಡಿದ. "ನೋಡ್ಕೊಂಡು ಬಾ. ಬಸ್ಸು ನಾ ಹಿಡೀತೀನಿ" ಎಂದು ನನ್ನ ಕೈಹಿಡಿದು ಹೊರಟ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಪ್ಪ ಕಂಡಕ್ಟರನಿಗೆ "ಬಂದ್ಲು ನೋಡ್ರಿ, ಬಂದ್ಲು" ಎನ್ನುತ್ತಲೇ ಇದ್ದ. ಅಕ್ಕ ಓಡಿ ಬರುತ್ತಾಳೆಂದುಕೊಂಡಿದ್ದೆ. ಅವಳು ನಡೆದೇ ಬಂದಳು. "ಏನಾತಕ್ಕಾ?" ಎಂದರೆ ಕಿಟಕಿಯ ಕಡೆ ತಿರುಗಿದಳು. ರೈಸ್ ಮಿಲ್ಲಿನ ಹೊಟ್ಟಿನ ವಾಸನೆ ಬಂದು ಊರು ಹತ್ತಿರವಾಯಿತು. ಅಂದು ಅವಳು ಕಥೆ ಹೇಳಲಿಲ್ಲ.

ನೀವು ಫೋನಿನಲ್ಲಿ ಕೊನೆಯನ್ನೇ ಮೊದಲು ನೋಡುತ್ತೀರಿ. ಬೇಸರವಾದರೆ ಬೆರಳಿನಿಂದ ಹಡಗನ್ನೇ ಸರಿಸಿಬಿಡುತ್ತೀರಿ. ನನಗಾಗಿ ಆ ಸಿನಿಮಾ ಹುಡುಕಿದಿರಿ, ಪಾಪ. ಹೆಸರೇ ಗೊತ್ತಿಲ್ಲದ್ದನ್ನು ಹೇಗೆ ಹುಡುಕುವುದು? ಹಡಗುಗಳನ್ನು ನೋಡಿ ನೋಡಿ ಕಣ್ಣು ಸೋತಿತು.

ಮೊನ್ನೆ ಪಾರ್ವತಿನಗರದ ಅಕ್ಕನ ಮನೆಗೆ ಹೋದಾಗ ಅವಳನ್ನೇ ಕೇಳಿದೆ: "ಅಕ್ಕಾ, ಆವತ್ತು ಆಕಿ ಹಡಗು ಹತ್ತಿದ್ಲೋ, ಮನಿಗೆ ತಿರುಗಿದ್ಲೋ?"

ಚಹಾಕ್ಕೆ ನೀರಿಟ್ಟು ಬರುತ್ತೇನೆಂದು ಅಕ್ಕ ಮಂಡಿ ಹಿಡಿದುಕೊಂಡು ಎದ್ದಳು.