ಬಾಬರ್ ಗಾಡಿ ಮತ್ತು ಹಿಂದಿನ ಸೀಟು

ನಮ್ಮ ಮನೆಯ ಮೋಟಾರ್‌ಸೈಕಲ್ಲಿನ ಸೀಟನ್ನು ನಾನು ಒಂದು ಭಾನುವಾರ ಬೆಳಿಗ್ಗೆ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂರ್ಣ ಪ್ರಜ್ಞೆಯಲ್ಲಿ ಗರಗಸದಿಂದ ಎರಡು ತುಂಡು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದೆಲ್ಲ ಆ ಗರಗಸದ ಹಿಂದೆಯೇ ಬಂತು.

ನಾನು ಶಹಾಬಾದಿನವನು. ಹೈಸ್ಕೂಲಿನಲ್ಲಿ ಗಣಿತ, ಅದರಲ್ಲೂ ರೇಖಾಗಣಿತವನ್ನು ವಿಶೇಷ ಕಟ್ಟುನಿಟ್ಟಿನಿಂದ ಕಲಿಸಿ ನಿವೃತ್ತನಾದವನು. ನಿವೃತ್ತರಾದವರು ವಚನ ಓದುತ್ತಾರೆ, ಇಲ್ಲವೇ ರಕ್ತದ ಸಕ್ಕರೆ ನೋಡಿಸಿಕೊಳ್ಳುತ್ತಾರೆ. ಎರಡನ್ನೂ ಮಾಡಿದ ಮೇಲೂ ಹೊತ್ತು ಉಳಿಯುತ್ತಿದ್ದುದರಿಂದ ನಾನು ಫೋನಿನಲ್ಲಿ ವಿಡಿಯೊ ನೋಡಲು ಕುಳಿತೆ. ಅಲ್ಲಿ ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ಮನೆಯ ಹಿತ್ತಲಲ್ಲಿ ನಿಂತು ಹಳೆಯ ಗಾಡಿಯೊಂದನ್ನು ಬಾಬರ್ ಮಾಡುತ್ತಿದ್ದ. ದಿಲ್ಲಿಯ ಬಾದಶಹನಿಗೂ ಇದಕ್ಕೂ ಸಂಬಂಧವಿಲ್ಲ. ಗಾಡಿಯ ಮೈಮೇಲಿನ ಹೆಚ್ಚಿನದನ್ನೆಲ್ಲ ಕಳಚಿ, ಮಡ್‌ಗಾರ್ಡ್ ಮೊಟಕು ಮಾಡಿ, ಒಬ್ಬನೇ ಕೂರುವಂಥ ತಗ್ಗಾದ ಸೀಟು ಇಟ್ಟರೆ ಅದು ಬಾಬರ್. ಮೋಟಾರ್‌ಸೈಕಲ್ಲು ಸಂಸಾರ ಬಿಟ್ಟು ಸನ್ಯಾಸ ತೆಗೆದುಕೊಂಡ ಹಾಗೆ ಎಂದು ತಿಳಿದರೂ ನಡೆದೀತು. ನಮ್ಮ ಗಾಡಿಗೂ ಸನ್ಯಾಸದ ವಯಸ್ಸು ಬಂದಿತ್ತು. ಸನ್ಯಾಸದಲ್ಲಿ ಖರ್ಚೂ ಕಡಿಮೆ ಎಂಬುದು ನನ್ನ ಲೆಕ್ಕ.

ಗರಗಸದ ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ಏನ್ರಿ, ಇದೇನ್ ಮಾಡಾಕತ್ತೀರಿ?"

"ಬಾಬರ್ ಮಾಡಾಕತ್ತೀನಿ."

"ಮಾಡ್ರಿ. ಪಂಚಮಿಗಿ ನಾ ಕುರಕುಂಟಾಕ್ಕ ಎಲ್ಲಿ ಕುಂತು ಹೋಗ್ಬೇಕು, ಅಷ್ಟ್ ಹೇಳ್ರಿ."

"ರೈಲ್ ಅದ ಅಲ್ಲಾ? ವಾಡಿ ತನಕ ಆಟೋ, ವಾಡಿಯಿಂದ ಸೀದಾ ಕುರಕುಂಟಾ."

"ರೈಲಿನ್ಯಾಗ ನಿಮ್ಮ ಕಿವಿ ಎಲ್ಲಿಂದ ತರ್ಲಿ?"

ಈ ಕಿವಿಯ ಮಾತನ್ನು ವಿವರಿಸಬೇಕು. ನಾವು ಗಂಡ ಹೆಂಡತಿ ಮನೆಯೊಳಗೆ ಹೆಚ್ಚು ಮಾತಾಡುವವರಲ್ಲ. ಉಪ್ಪು ಸಾಕೇ, ಗ್ಯಾಸ್ ಬಂತೇ, ಇಷ್ಟರಲ್ಲಿ ದಿನ ಮುಗಿಯುತ್ತದೆ. ಆದರೆ ಆಕೆಯ ತವರಾದ ಕುರಕುಂಟಾಕ್ಕೆ ಹೊರಟು, ಗಾಡಿಯ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡಳೆಂದರೆ ಆಕೆಯ ಮಾತು ಶುರು. ವಾಡಿ ದಾಟಿದ ಕೂಡಲೇ ನನ್ನ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಬಡಿಯುತ್ತಾಳೆ. ಅಂದರೆ ಸಭೆ ಕೂಡಿತು ಎಂದು ಅರ್ಥ. ಮಗಳನ್ನು ಎಲ್ಲಿಗೆ ಕೊಡಬೇಕೆಂಬ ವಿಷಯ ಚಿತ್ತಾಪುರದ ಹತ್ತಿರ ಚರ್ಚೆಗೆ ಬಂದು ಸೇಡಂ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಬೋರ್‌ವೆಲ್ ಹಾಕಿಸಿದ್ದು, ಮೇಲೊಂದು ಖೋಲಿ ಕಟ್ಟಿಸಿದ್ದು, ನನ್ನ ಅಣ್ಣನ ಜೊತೆ ಮಾತು ಬಿಟ್ಟದ್ದು, ಮತ್ತೆ ಮಾತಾಡಿದ್ದು, ಎಲ್ಲವೂ ಆ ರಸ್ತೆಯ ಮೇಲೆ ಅಂಗೀಕಾರವಾದ ನಿರ್ಣಯಗಳು. ವಿರೋಧ ಪಕ್ಷವಾದ ನನಗೆ ಇದ್ದದ್ದು ಒಂದೇ ಅಸ್ತ್ರ: "ಗಾಳಿಗಿ ಕೇಳ್ಸಲಿಲ್ಲ."

ನಾಗರಪಂಚಮಿಯ ಪ್ರಯಾಣಕ್ಕೆ ಇನ್ನೊಂದು ಮಹತ್ವವೂ ಇತ್ತು. ಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ಕರೆದೊಯ್ಯಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಲಗ್ನವಾದ ಹೊಸದರಲ್ಲಿ ನಾನು ಅದನ್ನು ತಿದ್ದುಪಡಿ ಮಾಡಿ, ನಾನೇ ಕರೆತರುತ್ತೇನೆ, ನೀವು ಊರ ಅಗಸಿಬಾಗಿಲಲ್ಲಿ ನಿಂತು ಬರಮಾಡಿಕೊಂಡರೆ ಸಾಕು ಎಂದು ಹೇಳಿ ಕಳಿಸಿದ್ದೆ. ಅಂದಿನಿಂದ ಹೆಂಡತಿಯ ತಮ್ಮ ಪ್ರತಿವರ್ಷ ಅಗಸಿಯಲ್ಲಿ ನಿಂತು ನಮ್ಮ ಗಾಡಿಯ ದಾರಿ ಕಾಯುತ್ತಾನೆ. ಈಗ ಅವನು ಕಾರು ತೆಗೆದುಕೊಂಡಿದ್ದಾನೆ.

"ನಿಮಗ ಆಗಂಗಿಲ್ಲಂದ್ರ ಹೇಳ್ರಿ," ಎಂದಳು ಹೆಂಡತಿ. "ತಮ್ಮಗ ಫೋನ್ ಮಾಡ್ತೀನಿ. ಕಾರ್ ತಗೊಂಡ್ ಬರ್ತಾನ."

"ಬ್ಯಾಡ. ಪಂಚಮಿ ಒಳಗ ಏನಾರ ವ್ಯವಸ್ಥಾ ಮಾಡ್ತೀನಿ."

ಏನು ವ್ಯವಸ್ಥೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ಸೀಟಿನ ಬಾಬರ್ ಎಂದರೆ ನಾಲ್ಕು ಬದಿಯ ತ್ರಿಕೋನ. ಅಂಥದ್ದನ್ನು ನಾನು ಜನ್ಮದಲ್ಲಿ ಪಾಸು ಮಾಡಿದವನಲ್ಲ. ಆಕೆ ಸೀಟಿನ ಹಿಂದಿನ ತುಂಡನ್ನು ನೆಲದಿಂದ ಎತ್ತಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಅಡುಗೆಮನೆಗೆ ಒಯ್ದಳು. ಅಂದಿನಿಂದ ಜೋಳ ಹಸನು ಮಾಡುವಾಗ, ಕಾಯಿಪಲ್ಲೆ ಹೆಚ್ಚುವಾಗ ಅದನ್ನೇ ಹಾಕಿಕೊಂಡು ಕೂರತೊಡಗಿದಳು. ಬಂದ ಹೆಣ್ಣುಮಕ್ಕಳು ಯಾರಾದರೂ ಅದರ ಮೇಲೆ ಕೂರಲು ಹೋದರೆ, "ಅಲ್ಲಿ ಬ್ಯಾಡವ್ವ, ಅದು ನಂದು ರಿಜರ್ವೇಶನ್," ಎಂದು ನನಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದಳು.

ಕೆಲಸ ನಮ್ಮ ಅಂಗಳದಲ್ಲಿ ನಡೆಯಿತು. ನನ್ನ ನೀತಿ ಏನೆಂದರೆ ಹೊಸದು ಏನನ್ನೂ ಕೊಳ್ಳಬಾರದು. ಮುಂದಿನ ಮಡ್‌ಗಾರ್ಡನ್ನೇ ಮೊಟಕು ಮಾಡಿ ಹಿಂದಕ್ಕೆ ಒಯ್ದೆ. ಮುಂದಕ್ಕೆ ಸೇಡಂನ ಗುಜರಿಯಲ್ಲಿ ಸಿಕ್ಕ ಒಂದು ಸಣ್ಣ ಪಟ್ಟಿ ಬಂತು. ಹಿಂದಿನ ದೀಪ ಯಾವುದೋ ಆಟೋದ್ದು. ಸೀಟು ಹಳೆಯ ಟ್ರ್ಯಾಕ್ಟರಿನ ಕಬ್ಬಿಣದ ತಟ್ಟೆ. ಅದಕ್ಕೆ ಸೈಕಲ್ ಸೀಟಿನ ಎರಡು ಸ್ಪ್ರಿಂಗು, ಮೇಲೆ ನಮ್ಮದೇ ಹರಿದ ಸೋಫಾದ ರೆಗ್ಜಿನ್. ಬಣ್ಣ ಮಾತ್ರ ಹೊಸದು, ಕಪ್ಪು. ಟ್ಯಾಂಕಿಗೆ ಬಣ್ಣ ಹೊಡೆದು ಅಂಗಳದಲ್ಲಿ ಒಣಗಲಿಟ್ಟು ಊಟಕ್ಕೆ ಹೋದೆ. ಓಣಿಯ ತುದಿಯಲ್ಲಿ ಯಾರದೋ ಮನೆಯ ನೆಲಕ್ಕೆ ಪರ್ಸಿಕಲ್ಲು ಕೊಯ್ಯುತ್ತಿದ್ದರು. ಊಟ ಮುಗಿಸಿ ಬರುವಷ್ಟರಲ್ಲಿ ಕಪ್ಪು ಟ್ಯಾಂಕಿನ ಮೇಲೆ ಕಲ್ಲಿನ ಪುಡಿ ಕೂತು ಅಂಟಿಬಿಟ್ಟಿತ್ತು.

"ನಿಮ್ಮಕಿಂತ ಗಾಡೀನೇ ಛಲೋ ಈಬತ್ತಿ ಹಚ್ಕೊಂಡದ," ಎಂದಳು ಹೆಂಡತಿ.

ಇದಕ್ಕೆ ಮ್ಯಾಟ್ ಫಿನಿಶ್ ಎನ್ನುತ್ತಾರೆ, ದೊಡ್ಡ ಊರುಗಳಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಾರೆ ಎಂದು ಹೇಳಿ ಹಾಗೇ ಬಿಟ್ಟೆ.

ವೆಲ್ಡಿಂಗಿಗೆ ವಾಡಿಯಿಂದ ಒಬ್ಬ ಮಿಸ್ತ್ರಿ ತನ್ನ ಯಂತ್ರದ ಸಮೇತ ಬರುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಫೇಲಾದವನಾದರೂ ನನ್ನ ಮೇಲೆ ಸಿಟ್ಟಿರಲಿಲ್ಲ. ಅಥವಾ ಇತ್ತು, ನಿಧಾನವಾಗಿ ತೀರಿಸಿಕೊಳ್ಳುತ್ತಿದ್ದ. ಬರುವಾಗಲೆಲ್ಲ ಬಾಗಿಲಲ್ಲೇ ಕೇಳುತ್ತಿದ್ದ: "ಸರ್, ಉಳದ ಅರ್ಧಾ ಗಾಡಿ ಯಾರ್ ಕದ್ಕೊಂಡ್ ಹ್ವಾದ್ರು?"

ಅಳತೆಯ ಜವಾಬ್ದಾರಿ ನನ್ನದು. ಆ ಗಡ್ಡದ ಮನುಷ್ಯನ ಹತ್ತಿರ ಗಾಡಿ ಕಟ್ಟಲು ದೊಡ್ಡ ಕಬ್ಬಿಣದ ಮೇಜಿತ್ತು. ಅದನ್ನು ನೋಡಿ ನಾನು ನಕ್ಕಿದ್ದೆ. ಶಹಾಬಾದಿನವನಿಗೆ ಮೇಜು ಯಾಕೆ? ನಮ್ಮ ಅಂಗಳದ ತುಂಬ ಪರ್ಸಿ ಹಾಸಿದೆ. ನಮ್ಮ ಊರಿನ ಕಲ್ಲು ಊರೂರಿನ ಮನೆಗಳಿಗೆ ನೆಲವಾಗಿ ಹೋಗಿದೆ. ಇದಕ್ಕಿಂತ ಸಪಾಟಾದದ್ದು ಭೂಮಿಯ ಮೇಲೆ ಇಲ್ಲ ಎಂಬುದು ನಮಗೆ ಹುಟ್ಟಿನಿಂದ ಬಂದ ನಂಬಿಕೆ. ಇಂಜಿನ್ನಿನ ಕೆಳಗೆ ಕಟ್ಟಿಗೆ ಕೊಟ್ಟು ಗಾಡಿಯನ್ನು ನಿಲ್ಲಿಸಿ, ಗೌಂಡಿಗಳು ಗೋಡೆಗೆ ಮಾಡುವಂತೆ ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು, ಗಾಡಿ ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಂಡೆ. ಸೀಟಿನ ಎಡಬಲದ ಪಟ್ಟಿಗಳನ್ನು ನೆಲದಿಂದ ಅಳೆದೆ. ಎರಡೂ ಕಡೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಸರ್, ಒಮ್ಮಿ ಲೆವೆಲ್ ಇಟ್ಟು ನೋಡಮೇನ್ರಿ?" ಎಂದ ಮಿಸ್ತ್ರಿ.

"ಪರ್ಸಿ ಮ್ಯಾಲ ನಿಂತು ಲೆವೆಲ್ ಕೇಳ್ತಿ? ಶಹಾಬಾದಿನ್ಯಾಗ ನಿಂತು?"

ಅವನು ಮುಖಕ್ಕೆ ಗ್ಲಾಸು ಹಿಡಿದು ವೆಲ್ಡಿಂಗ್ ಹೊಡೆದ.

ಶ್ರಾವಣ ಬಂತು. ಗಾಡಿ ತಯಾರಾಯಿತು. ಸ್ವಂತ ಅಭಿಪ್ರಾಯವೆಂದು ತಳ್ಳಿಹಾಕದಿದ್ದರೆ ಹೇಳುತ್ತೇನೆ, ಚೆಲುವಾಗಿತ್ತು. ಹಿಂದಿನ ಸೀಟಿನ ವ್ಯವಸ್ಥೆ ಮಾತ್ರ ಆಗಿರಲಿಲ್ಲ. ಪಂಚಮಿ ಆ ವಾರದಲ್ಲೇ ಇತ್ತು. ಹೆಂಡತಿಯ ತಮ್ಮನೇ ಫೋನು ಮಾಡಿದ.

"ಮಾಮಾ, ಅಕ್ಕಗ ಕರ್ಕೊಂಡ್ ಹೋಗ್ಲಿಕ್ಕ ನಾ ಬರ್ಲ್ಯಾ? ಎಸಿ ಕಾರ್ ಅದ. ನಿಮಗೂ ಮುಂದ ಸೀಟ್ ಅದ."

ಆ 'ನಿಮಗೂ' ನನಗೆ ನಾಟಿತು. ನಾಳೆ ಹೇಳುತ್ತೇನೆ ಎಂದೆ. ಅಡುಗೆಮನೆಯಲ್ಲಿ ಆಕೆ ತನ್ನ ಸೀಟಿನ ಮೇಲೆ ಕುಳಿತು ಶೇಂಗಾ ಹುರಿಯುತ್ತಿದ್ದಳು; ಯಾರ ಫೋನೆಂದು ಕೇಳಲೂ ಇಲ್ಲ. ಹಾಗೆ ಕೇಳದೆ ಇರುವುದು ಮನೆಯೊಳಗಿನ ಪದ್ಧತಿ. ಕೇಳುವ ಜಾಗವನ್ನು ನಾನು ಕತ್ತರಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಗಾಡಿಯ ಪೂಜೆ. ಮಿಸ್ತ್ರಿ ಬಂದ, ಓಣಿಯವರು ನಾಲ್ಕು ಜನ ಬಂದರು. ಹೆಂಡತಿ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದಳು. ನಾನು ಗಂಭೀರವಾಗಿ ಸೀಟೇರಿ ಕುಳಿತೆ. ಪದ್ಧತಿಯಂತೆ ಆಕೆ ಎರಡೂ ಗಾಲಿಯ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟಳು.

ಮುಂದಿನ ಗಾಲಿಯ ಲಿಂಬೆ ಹೊರಟಿತು.

ಗಾಡಿ ಇನ್ನೂ ಚಾಲೂ ಆಗಿರಲಿಲ್ಲ. ಲಿಂಬೆ ತಾನೇ ಎಡಕ್ಕೆ ಉರುಳಿ, ಅಂಗಳ ದಾಟಿ, ಬಚ್ಚಲ ಮೋರಿಯೊಳಗೆ ಬಿತ್ತು. ಹಿಂದಿನದೂ ಅದೇ ದಾರಿ ಹಿಡಿಯಿತು. ಆಕೆ ಇನ್ನೆರಡು ತಂದಿಟ್ಟಳು. ಅವೂ ಹೋದವು.

"ಸರ್," ಎಂದ ಮಿಸ್ತ್ರಿ, ಬಹಳ ಮೆಲ್ಲಗೆ, "ಅಂಗಳಕ್ಕ ಉತಾರ ಅದ."

ಇದ್ದೇ ಇತ್ತು. ತೊಳೆದ ನೀರು ಮೋರಿಗೆ ಹೋಗಬೇಕೆಂದರೆ ಪರ್ಸಿ ಹಾಸುವಾಗಲೇ ಇಳಿಜಾರು ಕೊಡುತ್ತಾರೆ. ನಮ್ಮ ಊರಿನಲ್ಲಿ ಇಳಿಜಾರಿಲ್ಲದ ಅಂಗಳವೇ ಇಲ್ಲ. ಹಾಸುವಾಗ ಎದುರು ನಿಂತು, ಇನ್ನಷ್ಟು ಇಳಿಸು, ನೀರು ನಿಲ್ಲಬಾರದು ಎಂದು ಗೌಂಡಿಗೆ ತಾಕೀತು ಮಾಡಿದವನೇ ನಾನು. ಕಲ್ಲು ಸಪಾಟು ನಿಜ. ಸಪಾಟಾದದ್ದೆಲ್ಲ ಸಮ ಇರಬೇಕಿಲ್ಲ ಎಂಬ ಪಾಠವನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಮಿಸ್ತ್ರಿ ಲೆವೆಲ್ ತಂದು ಸೀಟಿನ ಮೇಲಿಟ್ಟ. ಗಾಳಿಯ ಗುಳ್ಳೆ ಬಲತುದಿಗೆ ಹೋಗಿ ಕುಳಿತಿತು. ನೆಟ್ಟಗಿನ ಗಾಡಿಯ ಮೇಲೆ ವಾರೆ ಸೀಟು. ಅದರ ಮೇಲೆ ನಾನೂ ಮೋರಿಯ ಕಡೆ ವಾಲಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದೆ.

"ನೀರಿಗಿ ಗೊತ್ತದ, ಲಿಂಬಿಗಿ ಗೊತ್ತದ," ಎಂದು ಓಣಿಯ ಮುದುಕರೊಬ್ಬರು ಎದ್ದರು. "ನಡೀರಪಾ, ಚಹಾ ಆದ್ರ ಕುಡಿಯಮು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಚಹಾ ಕುಡಿದು ಓಣಿಯವರು ಹೋದ ಮೇಲೆ ಮಿಸ್ತ್ರಿ ಗಾಡಿಯ ಸುತ್ತ ತಿರುಗಿದ.

"ಪಟ್ಟಿ ಕಡದು ಹೊಸಾದೇ ಹಾಕ್ಬೇಕ್ರಿ ಸರ್. ಈಗೇ ಹಾಕ್ತೀನಿ." ಮತ್ತೆ ಕೇಳಿದ: "ಒಂದೇ ಸೀಟಿಗಿ ಹಾಕ್ಲ್ಯಾ, ಎರಡಕ್ಕ ಹಾಕ್ಲ್ಯಾ?"

ನಾನು ಒಳಗೆ ಹೋದೆ. ಆಕೆ ಪಂಚಮಿಯ ಉಂಡಿ ಕಟ್ಟುತ್ತಿದ್ದಳು. ಕೈಗೆ ಬೆಲ್ಲದ ಪಾಕ ಅಂಟಿತ್ತು.

"ಏಳು," ಎಂದೆ.

"ಯಾಕ್ರಿ?"

"ಸೀಟ್ ಬೇಕಾಗ್ಯದ."

ಆಕೆ ಎದ್ದು, ಸೀಟನ್ನು ಮೊಣಕೈಯಿಂದ ನನ್ನ ಕಡೆ ಸರಿಸಿದಳು. "ನೋಡ್ಕೊಂಡ್ ಕೂಡಸ್ರಿ. ಮೋರಿ ಕಡಿ ವಾಲ್ಬಾರ್ದು."

ಈ ಸಲ ಗಾಡಿಯನ್ನು ರಸ್ತೆಯ ಬದಿಗೆ ಒಯ್ದು, ಲೆವೆಲ್ ಇಟ್ಟು, ಮಿಸ್ತ್ರಿ ಹೇಳಿದಲ್ಲಿ ನಾನು ಹಿಡಿದೆ. ನನ್ನ ಸೀಟು ನೆಟ್ಟಗಾಯಿತು. ಹಿಂದಿನ ಮಡ್‌ಗಾರ್ಡಿನ ಮೇಲೆ ಕಬ್ಬಿಣದ ಕಮಾನು ಬಂತು, ಕಮಾನಿನ ಮೇಲೆ ಆಕೆಯ ಅರ್ಧ ಸೀಟು. ಅಟ್ಟದಿಂದ ಸೀರೆ ಗಾರ್ಡೂ ಕಾಲಿಡುವ ಪಟ್ಟಿಯೂ ಇಳಿದು ಬಂದವು. ದೂರ ನಿಂತು ನೋಡಿದೆ. ಸನ್ಯಾಸಿ ಮತ್ತೆ ಸಂಸಾರಕ್ಕೆ ಮರಳಿದ್ದ. ಇನ್ನು ಅದನ್ನು ಬಾಬರ್ ಎನ್ನಲು ಆ ಗಡ್ಡದವನು ಒಪ್ಪುವುದಿಲ್ಲ. ಅವನು ಕುರಕುಂಟಾಕ್ಕೆ ಹೋಗಬೇಕಾದವನೂ ಅಲ್ಲ. ಮೈದುನನಿಗೆ ಫೋನು ಮಾಡಿ, ಬರಬೇಡ, ಅಗಸಿಯಲ್ಲಿ ನಿಂತಿರು ಎಂದೆ.

ಪಂಚಮಿಯ ಹಿಂದಿನ ದಿನ ಹೊರಟೆವು. ತೊಡೆಯ ಮೇಲೆ ಉಂಡಿಯ ಡಬ್ಬಿ. ಮೋಡವಿತ್ತು, ಮಳೆ ಇರಲಿಲ್ಲ. ವಾಡಿ ದಾಟಿತು, ಹೆಲ್ಮೆಟ್ಟಿನ ಮೇಲೆ ಬೆರಳು ಬಡಿಯಲಿಲ್ಲ. ಚಿತ್ತಾಪುರವೂ ಹೋಯಿತು. ಸಿಟ್ಟು ಇನ್ನೂ ಇಳಿದಿಲ್ಲವೆಂದು ನಾನು ಗಾಡಿ ನಿಧಾನ ಮಾಡಿದೆ.

"ಯಾಕ, ಮಾತಾಡವಲ್ಲಿ?"

"ಮಾತಾಡ್ಲಿಕ್ಕ ಈ ಸಲ ಒಂದೇ ವಿಷಯ ಅದ. ಮಳಖೇಡದಿಂದ ಸೇಡಂ ತನಕ ಸಾಕು ಅಂತ ತಡದೀನಿ," ಎಂದಳು. ನಾನು ಬೆಚ್ಚಿದೆ. ದನಿ ಹೆಲ್ಮೆಟ್ಟಿನೊಳಗೇ ಹುಟ್ಟಿದ ಹಾಗಿತ್ತು. ಆಗ ಹೊಳೆಯಿತು: ಬಾಬರ್ ಆದ ಮೇಲೆ ನನ್ನ ಸೀಟು ತಗ್ಗಾಗಿದೆ, ಕಮಾನಿನ ಮೇಲೆ ಆಕೆಯದು ಎತ್ತರವಾಗಿದೆ, ಆಕೆಯ ಬಾಯಿ ನನ್ನ ಕಿವಿಯ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿದೆ. ನನ್ನ ಜೀವಮಾನದಲ್ಲಿ ಇಷ್ಟು ನಿಖರವಾಗಿ ಕೂಡಿದ ಅಳತೆ ಇನ್ನೊಂದಿಲ್ಲ.

ಮಳಖೇಡ ಬಂತು. ಹೆಲ್ಮೆಟ್ಟಿನ ಮೇಲೆ ಬೆರಳು ಬಡಿಯಿತು.

"ಕೇಳ್ರಿ ಇಲ್ಲಿ. ಅಂಗಳದ ಪರ್ಸಿ ಹಳೇದಾಗ್ಯದ. ಈ ದೀಪಾವಳಿಗಿ ತಗಸಿ ಹೊಸಾದ ಹಾಕ್ಸಬೇಕು."

ನಾನು ಅಭ್ಯಾಸಬಲದಿಂದ, "ಗಾಳಿಗಿ ಕೇಳ್ಸಲಿಲ್ಲ," ಎಂದೆ.

"ಸುಳ್ಳು," ಎಂದಳು, ಪಿಸುಮಾತಿನಲ್ಲಿ. ಅದೂ ಸ್ಪಷ್ಟವಾಗಿ ಕೇಳಿಸಿತು. ಸೇಡಂ ಬರುವಷ್ಟರಲ್ಲಿ ಒಪ್ಪಿಕೊಂಡೆ. ಕುರಕುಂಟಾದ ಅಗಸಿಯಲ್ಲಿ ಮೈದುನ ನಿಂತಿದ್ದ.