ಚೀಟಿಯಿಲ್ಲದೆ ಸರಗೂರಿಗೆ

ಕಟ್ಟೆಮಳಲವಾಡಿಯ ಕೊರಮರ ಕೇರಿಯಲ್ಲಿ ದೊಡ್ಡತಾಯಮ್ಮನ ಬಾಯಿಗೆ ಹೆದರದವರಿರಲಿಲ್ಲ. ಬಿದಿರು ಸೀಳುವಾಗ ಕತ್ತಿಗಿಂತ ನಾಲಿಗೆಯೇ ಚುರುಕು. ಆದರೆ ಅವಳು ಹೆಣೆದ ಮೊರ, ಕುಕ್ಕೆ ವರ್ಷಗಟ್ಟಲೆ ಬಾಳುತ್ತಿದ್ದವು. ಅದಕ್ಕೇ ಊರವರು ಆ ಬಾಯನ್ನೂ ಸಹಿಸಿಕೊಂಡಿದ್ದರು. ಅಂಥ ಗಟ್ಟಿಗಿತ್ತಿಗೆ ಸಿಕ್ಕ ಗಂಡ ಹನುಮ ಮಾತ್ರ ತನ್ನ ನೆರಳಿಗೂ ಬೆದರುವ ಆಸಾಮಿ.

ಬೆದರದೆ ಏನು ಮಾಡಿಯಾನು, ಪಾಪ! ಸರ್ಕಾರದ ಕಾಯಿದೆಯೊಂದು ಅವನ ಜನವನ್ನೆಲ್ಲ ಹುಟ್ಟುಗಳ್ಳರೆಂದು ಬರೆದುಕೊಂಡಿತ್ತು. ಕದ್ದವನೋ ಕದಿಯದವನೋ ಎಂದು ಕೇಳುವ ಗೋಜೇ ಇಲ್ಲ. ಮೀಸೆ ಮೂಡಿದಂದಿನಿಂದ ಹನುಮ ದಿನಾ ಸಂಜೆ ಪಟೇಲ ಕಂಠಪ್ಪನವರ ಜಗಲಿಯ ಮುಂದೆ ನಿಂತು ಹಾಜರಿ ಹೇಳಬೇಕಿತ್ತು. ಊರಾಚೆ ಕಾಲಿಡಲು ಪಟೇಲರ ಚೀಟಿ ಬೇಕಿತ್ತು. ಚೀಟಿ ಮರೆತು ಬೆಟ್ಟದಪುರದ ಸಂತೆಗೆ ಹೋದ ಅವನಪ್ಪನನ್ನು ಪೊಲೀಸರು ಹಿಡಿದರು. ಬಿಟ್ಟು ಕಳಿಸಿದಾಗ ಅವನ ಬಲಗೈ ಬಿದಿರು ಹಿಡಿಯುವಂತಿರಲಿಲ್ಲ. ಯಾವ ಪುರುಷಾರ್ಥಕ್ಕೆ ಇಂಥ ಕಾನೂನು!

ಐವತ್ತೆರಡನೆಯ ಇಸವಿಯಲ್ಲಿ ಆ ಕಾಯಿದೆ ರದ್ದಾಯಿತು. ಕಂಠಪ್ಪನವರೇ ಕೇರಿಗೆ ಬಂದು ಹೇಳಿದರು: "ಇನ್ಮೇಲೆ ಹಾಜರಿ ಇಲ್ಲ ಕಣ್ರಪ್ಪಾ. ದೇಶಕ್ಕೆ ಸಂವಿಧಾನ ಅಂತ ಬಂದದೆ. ಮಾಡಿದ ತಪ್ಪಿಗೆ ಸಿಕ್ಸೆ, ಹುಟ್ಟಿದ ಜಾತಿಗಲ್ಲ."

ಕೇರಿಯೆಲ್ಲ ಕುಣಿಯಿತು. ಹನುಮ ಮಾತ್ರ ಮರುದಿನ ಸಂಜೆಯೂ ಹೋಗಿ ಜಗಲಿಯ ಮುಂದೆ ನಿಂತ! ನಾಳೆ ಎಲ್ಲೋ ಕಳವಾದರೆ, ತಾನು ಊರಲ್ಲೇ ಇದ್ದೆನೆಂದು ಸಾಕ್ಷಿ ಹೇಳುವವರು ಯಾರು ಎಂಬುದು ಅವನ ಚಿಂತೆ.

"ಅಲ್ಲಾ ಕಣಯ್ಯಾ, ಬಾಗ್ಲು ತೆಗ್ದವ್ರೆ, ನೀನ್ಯಾಕೆ ಇನ್ನೂ ಒಳ್ಗೇ ಕುಂತಿದ್ದೀಯಾ?" ಎಂದು ದೊಡ್ಡತಾಯಮ್ಮ ಬೈದು ಬೈದು ಸುಸ್ತಾದಳು. ಅವನಿಗೆ ನಾಟಲಿಲ್ಲ.

ಹೀಗಿರುವಾಗ ಸರಗೂರಿಗೆ ಕೊಟ್ಟಿದ್ದ ಮಗಳು ಸುಂದ್ರಮ್ಮ ಬಸುರಿಯಾದಳು. ಚೊಚ್ಚಲು. ಅಪ್ಪನೇ ಹೋಗಿ ತವರಿಗೆ ಕರೆತರುವುದು ವಾಡಿಕೆ. ಏಳು ತಿಂಗಳಾಯಿತು, ಎಂಟೂ ಕಳೆಯುತ್ತ ಬಂತು, ಹನುಮ ಏಳಲೊಲ್ಲ. "ಅಪ್ಪ ಬರ್ದಿದ್ರೆ ನಾನ್ ಯಾರ ಜೊತ್ಗೂ ಬರಾಕಿಲ್ಲ" ಎಂದು ಹುಡುಗಿ ಹೇಳಿಕಳಿಸಿದಳು.

"ಚೀಟಿ ಕೊಡ್ಸು, ಓಯ್ತೀನಿ" ಎಂದ ಹನುಮ.

ದೊಡ್ಡತಾಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಪಟೇಲರ ಮನೆಗೇ ನಡೆದಳು.

"ಬುದ್ಧೀ, ಇವ್ನಿಗೊಂದು ಚೀಟಿ ಬರ್ಕೊಡಿ!"

"ಅದು ಈಗಿಲ್ವಲ್ಲ ದೊಡ್ಡತಾಯಿ. ಬರ್ಕೊಟ್ರೆ ನಂದೇ ತಪ್ಪಾಯ್ತದೆ."

"ಅಂಗಾದ್ರೆ ಬಾಯಲ್ಲೇ ಏಳಿ. ಇಷ್ಟು ವರ್ಸ ನಿಮ್ಮುಂದೆ ನಿಲ್ಲಿಸ್ಕೊಂಡ್ರಲ್ಲಾ, ಇವ್ನು ಏನ್ ಕದ್ದಿದ್ದ?"

ಕಂಠಪ್ಪನವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಹನುಮನ ಮುಖ ನೋಡಿದರು. "ಏನೂ ಇಲ್ಲ ಕಣಮ್ಮ" ಎಂದರು ಮೆಲ್ಲಗೆ. ಅವರಿಗೆ ನಾಚಿಕೆಯಾಗಿತ್ತು. "ಓಗಪ್ಪ ಹನುಮಾ. ಯಾರಾದ್ರೂ ತಡುದ್ರೆ ನನ್ನೆಸ್ರು ಏಳು. ನಾನೇ ಬಂದು ಸಾಕ್ಷಿ ನಿಲ್ತೀನಿ."

ಮಾರನೆಯ ಬೆಳಿಗ್ಗೆ ಗಂಡಹೆಂಡಿರು ಹುಣಸೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪೊಲೀಸಿನವನೊಬ್ಬ ನೇರ ಇವರತ್ತಲೇ ಬಂದ. ಹನುಮ ಹೆಂಡತಿಯ ಬೆನ್ನ ಹಿಂದೆ ಸರಿದ.

"ಎಲ್ಲಿಗಪ್ಪ?"

ದೊಡ್ಡತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ ಹನುಮನೇ ಹೇಳಿಬಿಟ್ಟ: "ಸರಗೂರಿಗೆ ಸ್ವಾಮಿ. ಮಗಳು ಬಸ್ರಿ. ಕರ್ಕೊಬರಾಕೆ ಓಯ್ತಿವ್ನಿ. ನಾನು... ನಾನು ಅವ್ಳ ಅಪ್ಪ."

"ಮತ್ತೆ ಇಲ್ಯಾಕೆ ನಿಂತಿದ್ದೀಯ ಮಾರಾಯ? ಸರಗೂರಿಗೆ ಹೋಗೋ ಕೋಟೆ ಬಸ್ಸು ಆಕಡೆ ನಿಲ್ತದೆ. ಬೇಗ ಹೋಗು" ಎಂದು ಅವನು ತನ್ನ ಪಾಡಿಗೆ ನಡೆದುಹೋದ.

ಹನುಮ ಅಲ್ಲೇ ಕುಸಿದು ಕುಳಿತ. "ಜಾತಿ ಕೇಳ್ನಿಲ್ಲ ಕಣಮ್ಮಿ" ಎಂದ. "ಅಪ್ಪ ಅಂದಿದ್ದೇ ಸಾಕಾಯ್ತು ಅವ್ನಿಗೆ."

ಊರನ್ನೆಲ್ಲ ಬೈದು ಬಾಳಿದ ದೊಡ್ಡತಾಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ಅಷ್ಟು ಜನರ ನಡುವೆಯೇ ಗೋಳೋ ಎಂದು ಅತ್ತಳು.