ಸ್ವಂತ ಇಚ್ಛೆಯ ಪತ್ರ

'ನೂರಕ್ಕೆ ನೂರು ಫಲಿತಾಂಶ' ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ತಿಪಟೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಫಲಿತಾಂಶ ಬಂದ ಮರುದಿನವೇ ಗೇಟಿನ ಮೇಲೆ ಫ್ಲೆಕ್ಸ್ ಏರಬೇಕು. ಅದಕ್ಕಾಗಿ, ಫೇಲಾಗಬಹುದಾದ ಹತ್ತನೇ ತರಗತಿಯ ಮಕ್ಕಳನ್ನು ಪರೀಕ್ಷೆಗೆ ಮೊದಲೇ ಹೊರಗೆ ಕಳಿಸುವುದು ನಮ್ಮಲ್ಲಿ ರೂಢಿ.

ಆ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಇಬ್ಬರಿಗೆ ಹದಿನಾಲ್ಕೇ ಅಂಕ ಬಂತು. ಒಬ್ಬ, ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ಕೊಬ್ಬರಿ ವ್ಯಾಪಾರಿಯ ಮಗ. ಅವನಿಗೆ ಸಂಜೆ ವಿಶೇಷ ತರಗತಿ. ಇನ್ನೊಬ್ಬಳು ನೊಣವಿನಕೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅವಳಪ್ಪ ತೋಟ ತೋಟ ತಿರುಗಿ ಕಾಯಿ ಸುಲಿಯುವವನು. ಅವಳಿಗೆ ಟಿ.ಸಿ.

"ನಿಮ್ಮ ಅಕ್ಷರ ದುಂಡಗಿದೆ, ಅವರಪ್ಪನ ಹೆಸರಲ್ಲಿ ಪತ್ರ ನೀವೇ ಬರೀರಿ ಮೇಡಂ," ಎಂದರು ಮುಖ್ಯೋಪಾಧ್ಯಾಯರು. 'ನನ್ನ ಮಗಳನ್ನು ಸ್ವಂತ ಇಚ್ಛೆಯಿಂದ ಶಾಲೆ ಬಿಡಿಸುತ್ತಿದ್ದೇನೆ' ಎಂದು ಬರೆದೆ. ಕೆಲಸ ಹೋದೀತೆಂಬ ಭಯ ನನಗೆ.

ಸಹಿ ಹಾಕಲು ಅಪ್ಪ ಮಗಳ ಜೊತೆ ಬಂದ. "ಪ್ರೈವೇಟಾಗಿ ಕೂರಿಸ್ತೀವಿ ಕಣಪ್ಪ, ಎಲ್ಲಾ ನಾವೇ ನೋಡ್ಕೋತೀವಿ," ಎಂದರು ಮುಖ್ಯೋಪಾಧ್ಯಾಯರು. ಖಾಸಗಿ ಅಭ್ಯರ್ಥಿಗಳ ನೋಂದಣಿಯ ಕೊನೆಯ ದಿನ ಆಗಲೇ ಮುಗಿದಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹುಡುಗಿ ಪತ್ರವನ್ನು ಒಂದೂ ತಪ್ಪಿಲ್ಲದೆ ಓದಿದಳು. "ಸ್ವಂತ ಇಚ್ಛೆ ಅಂತ ಯಾಕ್ ಬರ್ದಿದ್ದೀರಾ ಮಿಸ್? ನಾವೇನೂ ಕೇಳಿರ್ಲಿಲ್ವಲ್ಲ?"

"ಸುಮ್ನಿರವ್ವ. ಮೇಷ್ಟ್ರಿಗಿಂತ ನಿಂಗ್ ಜಾಸ್ತಿ ಗೊತ್ತಾ?" ಎಂದು ಅಪ್ಪ ಸಹಿ ಹಾಕಿದ.

ಎರಡು ದಿನ ಬಿಟ್ಟು ಅವನು ಚೀಲ ಹೊತ್ತು ಮತ್ತೆ ಬಂದ. ಮುಖ್ಯೋಪಾಧ್ಯಾಯರಿಗೊಂದು, ನನಗೊಂದು, ಎಲೆ ಅಡಿಕೆಯ ಮೇಲೆ ಜುಟ್ಟು ಬಿಟ್ಟು ಸುಲಿದ ಕಾಯಿ ಇಟ್ಟ. ನಮ್ಮ ಕಡೆ ಹಾಗೆ ಕಾಯಿ ಇಡುವುದು ದೇವರಿಗೆ, ಗುರುಗಳಿಗೆ. "ನಮ್ ಮಗೀಗೆ ಒಂದು ದಾರಿ ಮಾಡ್ಕೊಟ್ರಿ," ಎಂದು ಕೈಮುಗಿದ. ನಾನು ತೆಗೆದುಕೊಂಡೆ. ಮಾರನೇ ದಿನ ಚಟ್ನಿಯನ್ನೂ ಅರೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಪರೀಕ್ಷೆಯ ಮೊದಲ ದಿನ ಮಕ್ಕಳನ್ನು ಬಿಡಲು ಮುಖ್ಯೋಪಾಧ್ಯಾಯರ ಜೊತೆ ಕೇಂದ್ರಕ್ಕೆ ಹೋದೆ. ಗೇಟಿನ ಬಳಿ ಆ ಅಪ್ಪ ಮಗಳಿಬ್ಬರೂ ನಿಂತಿದ್ದರು. ಅವಳು ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿ, ಎರಡು ಜಡೆ ಹೆಣೆದುಕೊಂಡಿದ್ದಳು. ಅಪ್ಪ ಹಾಲ್ ಟಿಕೆಟ್ ಕೇಳಿದ. ಮುಖ್ಯೋಪಾಧ್ಯಾಯರು ಫೋನ್ ಕಿವಿಗಿಟ್ಟುಕೊಂಡು ಜಾಗ ಖಾಲಿ ಮಾಡಿದರು. ಇವಳ ಹೆಸರು ಪಟ್ಟಿಯಲ್ಲಿಲ್ಲ, ಈ ಸಲ ಕೂರಲಾಗುವುದಿಲ್ಲ ಎಂದು ನಾನೇ ಹೇಳಬೇಕಾಯಿತು.

ವ್ಯಾಪಾರಿಯ ಮಗ ನಮ್ಮ ಪಕ್ಕದಲ್ಲೇ ಹಾದು ಒಳಗೆ ಹೋದ. ಹುಡುಗಿ ಅವನನ್ನೇ ನೋಡುತ್ತಿದ್ದಳು. ಗಂಟೆ ಹೊಡೆಯಿತು.

ಅಪ್ಪನಿಗೆ ಆಗಲೂ ನಮ್ಮ ಮೇಲೆ ಅನುಮಾನ ಬರಲಿಲ್ಲ. ತನ್ನಿಂದಲೇ ಏನೋ ತಪ್ಪಾಗಿದೆ ಎಂದುಕೊಂಡು ಜೇಬಿನಿಂದ ಪೆನ್ನು ತೆಗೆದ.

"ಅದೇನ್ ಬರೀಬೇಕೋ ಇನ್ನೊಂದ್ಸಲ ಬರ್ಕೊಡಿ ಮೇಡಂ, ಸೈನ್ ಹಾಕ್ತೀನಿ. ಮಗೀನ ಒಳೀಕ್ ಬುಡಿ."